ಕೆಜಿಗೆ ಅರ್ಧ ಎಂಎಲ್

ಇಪ್ಪತ್ತನಾಲ್ಕು, ಅಲ್ಲೇ ನಿಂತುಬಿಟ್ಟಿತು ಸಿರಿಂಜಿನ ಕಪ್ಪು ರಬ್ಬರು, ಇನ್ನೂ ಎಳೀತಾರೆ ಅಂದುಕೊಂಡೆ, ಎಳೆಯಲಿಲ್ಲ, ಮೊದಲ ಸಲ ಇದೇ ಸಿಸ್ಟರ್ ಮೂವತ್ತರ ಗೆರೆವರೆಗೆ ಎಳೆದಿದ್ದರು, ಯಾಕಮ್ಮ ಕಡಿಮೆ ಅಂದೆ, ತೂಕಕ್ಕೆ ತಕ್ಕ ಹಾಗೆ ಅಲ್ವಾ ತಾತ ಕೊಡೋದು, ಡ್ರಿಪ್ಪಿಗೆ ಸೇರಿಸಿ ಪಕ್ಕದ ಮಂಚಕ್ಕೆ ಹೋದರು — ತೂಕಕ್ಕೆ ತಕ್ಕ ಹಾಗೆ, ಪಾಪ, ಯಾರ ಮುಂದೆ ಆ ಮಾತಾಡಿದರೆಂದು ಆಕೆಗೇನು ಗೊತ್ತು, ಜೀವಮಾನವಿಡೀ ಇದನ್ನೇ ಪಾಠ ಮಾಡಿದವನು ನಾನು, ಒಂದು ಏರಿದರೆ ಇನ್ನೊಂದೂ ಏರಬೇಕು, ಇಳಿದರೆ ಇಳಿಯಬೇಕು, ವೈ ಸಮ ಕೆ ಎಕ್ಸ್, ಮೊದಲು ಕೆ ಕಂಡುಹಿಡೀರೋ, ಮಿಕ್ಕಿದ್ದು ಆಮೇಲೆ, ಆಸ್ಪತ್ರೆ ಸೇರಿದ ದಿನ ಅರವತ್ತು ಕೆಜಿ, ಮೂವತ್ತು ಎಂಎಲ್, ಕೆಜಿಗೆ ಅರ್ಧ, ಅದೇ ಕೆ, ಅದು ಬದಲಾಗಲ್ಲ, ಹಾಗಾದರೆ ಇಪ್ಪತ್ತನಾಲ್ಕಕ್ಕೆ — ಬೇಡ, ಲೆಕ್ಕ ಹಾಕಬೇಡ, ಹುಟ್ಟುಗುಣ ಸುಟ್ಟರೂ ಹೋಗದಂತೆ, ನಲವತ್ತೆಂಟು, ಹನ್ನೆರಡು ಕೆಜಿ ಎಲ್ಲಿ ಹೋದೆ ನಾನು, ಮಗಳು ಬೆಳಿಗ್ಗೆ ತೂಕದ ಮೆಷಿನ್ ಮೇಲೆ ನಿಲ್ಲಿಸಿ, ಅಂಕಿ ಕಾಣದ ಹಾಗೆ ಅಡ್ಡ ನಿಂತು, ನಾನು ಕೇಳುವ ಮೊದಲೇ, ಅರವತ್ತೊಂದು ಅಪ್ಪಾ, ಒಂದು ಕೆಜಿ ಏರಿದೀಯ ಅಂದಳು, ಗಣಿತ ಅವಳಿಗೆ ಯಾವಾಗಲೂ ಕಬ್ಬಿಣದ ಕಡಲೆ, ಎಕ್ಸ್ ಬದಲಾಯಿಸಿ ವೈ ಹಾಗೇ ಬಿಟ್ಟು ಬರುತ್ತಿದ್ದಳು ಪ್ರತಿ ಪರೀಕ್ಷೆಯಲ್ಲೂ, ಈಗಲೂ ಅದೇ ತಪ್ಪು, ತೂಕ ಏರಿಸಿದಳು, ಔಷಧಿ ಏರಿಸಲು ಮರೆತಳು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಗು ಬರಬೇಕಿತ್ತು, ಅಳು ಬರುತ್ತಿದೆ, ಸಾವಿನ ಭಯವೂ ಇದೆ, ಇಲ್ಲವೆಂದರೆ ಸುಳ್ಳು, ಆದರೆ ಅವಳು ಆ ಅಂಕಿಯನ್ನು ಒಬ್ಬಳೇ ನೋಡಿದಳಲ್ಲ, ಒಬ್ಬಳೇ ನುಂಗಿಕೊಂಡಳಲ್ಲ, ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಬಾರದು, ಅಷ್ಟು ಮಾಡಲಾರೆನೇ — ಬಂದಳು, ಮುಖ ತೊಳೆದು ಬಂದಿದ್ದಾಳೆ, ಹಣೆಯ ಕೂದಲು ಒದ್ದೆ, ಊಟ ತರಲಾ ಅಪ್ಪಾ, ತಾರೇ, ತೂಕ ಏರಿದ ಮೇಲೆ ಹಸಿವೂ ಏರಬೇಕಲ್ಲ, ನಕ್ಕಳು, ನಿಜವಾಗಿ ನಕ್ಕಳು, ಸದ್ಯ, ಎದ್ದು ನಿಲ್ಲು, ಪೈಜಾಮ ಜಾರ್ತಿದೆ, ಲಾಡಿ ಬಿಗಿ ಮಾಡ್ತೀನಿ, ನಾನು ಉಸಿರೆಳೆದು ಹೊಟ್ಟೆ ಉಬ್ಬಿಸಿ ನಿಲ್ಲುತ್ತೇನೆ, ಅರವತ್ತೊಂದು ಕೆಜಿಯ ಮನುಷ್ಯನ ಹೊಟ್ಟೆ, ಎಳೆಯುತ್ತಾಳೆ, ಇನ್ನೂ ಎಳೆಯುತ್ತಾಳೆ, ಬಟ್ಟೆ ನೆರಿಗೆ ನೆರಿಗೆಯಾಗುತ್ತದೆ, ಉಸಿರು ಕಟ್ಟುತ್ತಿದೆ, ಗಂಟು ಬಿತ್ತು, ಮಿಕ್ಕ ಲಾಡಿ ಮೊಣಕಾಲಿನವರೆಗೆ ಇಳಿದಿದೆ, ಅದನ್ನು ಒಳಗೆ ತುರುಕುತ್ತಿಲ್ಲ ಅವಳು, ಹಿಡಿದು ನಿಂತಿದ್ದಾಳೆ, ಉಬ್ಬಿಸಿದ ನನ್ನ ಹೊಟ್ಟೆ ನೋಡುತ್ತಿದ್ದಾಳೆ, ನಾನು ಕಿಟಕಿ ನೋಡುತ್ತೇನೆ, ಈ ಸಲ ಲೆಕ್ಕ ತಪ್ಪಿಲ್ಲ ಅವಳಿಗೆ, ಇಷ್ಟುದ್ದದ ಲಾಡಿ, ಅವಳ ಕೈಯಲ್ಲಿ ಲಾಡಿ —