ರೇಷ್ಮೆ ಕುಣಿಕೆಯ ಗಾಳ

ಎಲ್ಲಿಂದ ಶುರು ಮಾಡಲಿ? ಹೊಳೆಯಿಂದ ಶುರು ಮಾಡಿದರೆ ನೀವು ಮೀನು ಕೇಳುತ್ತೀರಿ, ನನ್ನ ಹತ್ತಿರ ಮೀನಿಲ್ಲ. ಇರುವುದು ಕಿಸೊ ಕಣಿವೆಯ ಒಂದು ಮನೆ, ಫೆಬ್ರವರಿಯ ಕೊನೆಯ ಮಧ್ಯಾಹ್ನ, ಎಪ್ಪತ್ತೆಂಟರ ಇಸಾಬುರೊ, ಅವನ ಹೆಂಡತಿ ಶಿಗೆನೊ. ನಾಳೆಯಿಂದ ಮೀನು ಹಿಡಿಯುವ ಕಾಲ.

೧.
"ಹಿಮ ಮೆಲ್ಲಗೆ ಕರಗುತ್ತಿತ್ತು..." (ಹರಿದು ಹಾಕಿದೆ. ಈ ಕಣಿವೆಯಲ್ಲಿ ಕೂತು ಬರೆಯುವವರೆಲ್ಲ ಮೊದಲು ಕರಗಿಸುವುದು ಹಿಮವನ್ನೇ.)

೨.
ಅಡಿಯಲ್ಲಿ ಕಾವಿಟ್ಟ ಗಿಡ್ಡ ಮೇಜಿನ ಹೊದಿಕೆಯೊಳಗೆ ಕಾಲು ತೂರಿಸಿಕೊಂಡು ಇಸಾಬುರೊ ಸರಂಜಾಮು ಹರಡಿದ್ದಾನೆ. ಒಂದರೊಳಗೊಂದು ಸೇರುವ ಕೋಲು, ಅದರ ತುದಿಗೆ ನೂಲು, ನೂಲಿಗೆ ಕೆಬಾರಿ, ಅಂದರೆ ಗರಿ ಸುತ್ತಿ ಹುಳದಂತೆ ಮಾಡಿದ ಗಾಳ. ಪರವಾನಗಿ ಚೀಟಿ ಬಂದಿದೆ, ಕರಡಿ ಓಡಿಸುವ ಗಂಟೆ ಸೊಂಟದ ಪಟ್ಟಿಗೆ ಸಿಕ್ಕಿಸಿಯಾಗಿದೆ. ಗಾಳದ ಕಣ್ಣಿಗೆ ನೂಲು ಪೋಣಿಸುವುದೊಂದು ಬಾಕಿ.

ಆ ಕಣ್ಣೋ, ಎಳ್ಳಿಗಿಂತ ಚಿಕ್ಕದು. ನಾಲ್ಕು ಸಲ ತಪ್ಪಿತು. ಐದನೆಯ ಸಲ ಗಾಳ ಹೆಬ್ಬೆರಳಿಗೆ ಚುಚ್ಚಿತು. (ಕನ್ನಡಕ? ಮೂಗಿನ ಮೇಲೇ ಇದೆ ಸ್ವಾಮಿ.)

"ಈ ಸಲ ನೀರು ತುಂಬಾ ತಣ್ಣಗಿದೆಯಂತೆ ಕಣೇ. ಕುಮೆಜೊಗೆ ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ."

ಕುಮೆಜೊ ಪಕ್ಕದ ಮನೆಯವನು. ನಲವತ್ತು ವರ್ಷದಿಂದ ಇಬ್ಬರೂ ಜೊತೆಯಾಗಿ ಹೊಳೆಗಿಳಿಯುತ್ತಾರೆ.

"ಮಾರ್ಚ್ ಒಂದಕ್ಕೆ ನೀರು ಯಾವತ್ತು ಬಿಸಿ ಇತ್ರೀ?" ಎಂದಳು ಶಿಗೆನೊ.

ತಪ್ಪು ನೀರಿನದಲ್ಲ ಎಂದು ಅವಳಿಗೆ ಗೊತ್ತು. ಈ ಸಲ ಬಿಟ್ಟರೆ ಅವನು ಇನ್ನೆಂದೂ ಹೋಗುವುದಿಲ್ಲ ಎಂದೂ ಗೊತ್ತು.

೩.
ಇಲ್ಲಿ ನಾನು ಹೀಗೆ ಬರೆದೆ: ಶಿಗೆನೊ ಗಾಳ ಕಿತ್ತುಕೊಂಡು ತಾನೇ ಪೋಣಿಸಿಕೊಟ್ಟಳು, ಅವನ ಕಣ್ಣು ತೇವವಾಯಿತು.

ಅವಳು ಹಾಳೆಯೊಳಗಿಂದಲೇ ತಲೆಯೆತ್ತಿದಳು. "ಏನಪ್ಪಾ ಕಥೆಗಾರ, ತಲೆಗಿಲೆ ಕೆಟ್ಟಿದೆಯಾ? ಮೊದಲನೇ ಬೀಸಿಗೇ ಗಾಳ ಮರಕ್ಕೆ ಸಿಕ್ಕೊಳ್ಳತ್ತೆ. ಆಮೇಲೆ ಹೊಳೇಲಿ ನಿಂತು ಪೋಣಿಸಿಕೊಡೋಕೆ ನೀನು ಬರ್ತೀಯಾ?"

"ಹಾಗಾದ್ರೆ ಹತ್ತು ಗಾಳ ಈಗಲೇ ಪೋಣಿಸಿಟ್ಬಿಡಿ, ಅಮ್ಮಾ."

"ಆಗ ನಂಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗತ್ತೆ. ಕೋಲನ್ನ ಅಟ್ಟಕ್ಕೆ ಎಸೀತಾರೆ. ಅವರ ಜೊತೆ ಐವತ್ತು ವರ್ಷ ಸಂಸಾರ ಮಾಡಿದ್ದು ನಾನಾ, ನೀನಾ?"

ಸರಿ ತಾಯಿ, ನೀನೇ ಬರೆ ಎಂದು ಪೆನ್ನು ಕೆಳಗಿಟ್ಟೆ.

೪.
ಅಡುಗೆಮನೆಯಲ್ಲಿ ಅವಳು ಮಾವನ ಕಾಲದ ಗಾಳಗಳಿದ್ದ ತಗಡಿನ ಡಬ್ಬಿ ತೆಗೆದಳು. ಆಗಿನ ಗಾಳಕ್ಕೆ ಕಣ್ಣೇ ಇರಲಿಲ್ಲ. ಅದರ ಬದಲು ರೇಷ್ಮೆಯ ಕುಣಿಕೆ ಕಟ್ಟುತ್ತಿದ್ದರು. ಹಳೆಯ ಕಿಮೊನೊದಿಂದ ಕೆಂಪು ಎಳೆ ಬಿಚ್ಚಿ, ಹುರಿ ಮಾಡಿ, ಬೆರಳಿಗೆ ತಾಗುವಷ್ಟು ದೊಡ್ಡ ಕುಣಿಕೆ ಕಟ್ಟಿದಳು. ಗರಿ ಸುತ್ತಿದಳು. ಹೀಗೆ ಆರು. (ಇಣುಕಿದ್ದಕ್ಕೆ ನನ್ನ ಮೂಗಿನ ಮೇಲೇ ಬಾಗಿಲು ಎಳೆದಳು.)

೫.
"ರೀ, ಡಬ್ಬಿ ಕ್ಲೀನ್ ಮಾಡ್ತಿದ್ದೆ, ಮಾವನ ಗಾಳ ಸಿಕ್ತು. ಬಿಸಾಕೋದು ಯಾಕೆ ಅಂತ ಹಳೇ ಥರಾನೇ ಕಟ್ಟಿದೆ. ಈ ಕಾಲದ ಮೀನು ಇದಕ್ಕೆಲ್ಲಿ ಬೀಳತ್ತೆ, ಅಲ್ವಾ?"

"ಬೀಳಲ್ವಾ? ನಮ್ಮಪ್ಪ ಇದರಲ್ಲೇ ಊರಿಗೆಲ್ಲ ಮೀನು ತಿನ್ನಿಸಿದೋನು! ತಾ ಇಲ್ಲಿ."

ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದ. ಕುಣಿಕೆಯನ್ನು ಬೆರಳಿಂದ ತಡವಿ ತೂರಿಸಿದ. ಒಂದೇ ಸಲಕ್ಕೆ! ನನಗಂತೂ ಎದ್ದು ಕುಣಿಯುವಷ್ಟು ಖುಷಿಯಾಯಿತು. ಶಿಗೆನೊ ನನ್ನತ್ತ ಕಣ್ಣು ಬಿಟ್ಟಳು, ಕೂತೆ.

೬.
ಈಗ ಮುಗಿಸಬಹುದು. ಅವನಿಗೆ ಮೊಳದುದ್ದದ ಮೀನು ಬಿತ್ತು ಎನ್ನಲೇ? ಒಂದೂ ಬೀಳಲಿಲ್ಲ, ಹುಳಿ ಪ್ಲಮ್ ಇಟ್ಟ ಬುತ್ತಿಯ ಅನ್ನದುಂಡೆ ಮಾತ್ರ ರುಚಿಯಾಗಿತ್ತು ಎನ್ನಲೇ? ಆರಿಸುವಷ್ಟರಲ್ಲಿ ಇಸಾಬುರೊ ನಡುವೆ ಬಾಯಿ ಹಾಕಿದ.

"ಏನೇ, ಇನ್ನೊಂದಾರು ಕಟ್ಟಿಕೊಡ್ತೀಯಾ?"

"ಆರು ಸಾಲ್ದಾ ನಿಮಗೆ?"

"ನಂಗಲ್ಲ, ಕುಮೆಜೊಗೆ. ಪಾಪ, ಅವನಿಗೆ ಕಣ್ಣು ಮಂಜಾಗಿದೆ ಕಣೇ. ಬಾಯಿಬಿಟ್ಟು ಹೇಳ್ಕೊಳ್ಳಲ್ಲ." ಅವನು ದನಿ ತಗ್ಗಿಸಿದ. "ಕೊಡುವಾಗ ಮಾತ್ರ ಅವನಿಗೂ ಹಾಗೇ ಹೇಳು, ಡಬ್ಬಿ ಕ್ಲೀನ್ ಮಾಡ್ತಿದ್ದೆ, ಸಿಕ್ತು ಅಂತ."

(ಅಂದರೆ? ನನ್ನನ್ನು ಕೇಳಬೇಡಿ. ಶಿಗೆನೊಳನ್ನು ಕೇಳೋಣವೆಂದರೆ ಮತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗೆ ಒಬ್ಬಳೇ ನಗುತ್ತಿದ್ದಾಳೆ.)

೭.
(ಇದು ಖಾಲಿ. ಬಾಗಿಲು ತೆರೆದ ಮೇಲೆ ಅವಳೇ ಬರೆಯಲಿ.)