ಹನ್ನೊಂದಕ್ಕೆ ಸೊಟ್ಟಾಗುವ ಗೆರೆ

ಆಸ್ಪತ್ರೆಯ ಕಾರಿಡಾರಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಛಾವಣಿಗೆ ಒಂದು ಮೊಳ ಕೆಳಗೆ, ಬಿಳಿ ಮತ್ತು ನೀಲಿ ಕೂಡುವಲ್ಲಿ, ಒಂದು ಕಪ್ಪು ಗೆರೆ ಬರಬೇಕು. ಅದನ್ನು ಪಟ್ಟಿ ಅಂಟಿಸದೆ ಬರಿಗೈಯಲ್ಲಿ ಎಳೆಯುವ ಪೇಂಟರ್ ಒಬ್ಬನೇ. ಎಲ್ಲರ ಬಾಯಲ್ಲೂ ಅವನು ಗೆರೆಯಣ್ಣ.

ಈ ವಾರ ಆ ಕೈಗೆ ಏನೋ ಆಗಿತ್ತು. ಬೆಳಿಗ್ಗೆ ಗೆರೆ ನೇರ. ಹನ್ನೊಂದು ಹೊಡೆಯುತ್ತಲೇ ಹಾವು. ಬ್ರಷ್ ಬದಲಾಯಿಸಿದ, ಬಣ್ಣ ತೆಳು ಮಾಡಿದ, ಏಣಿಗೂ ಬೈದ. ಬುಧವಾರ ತಲೆ ಗಿರ್ರೆಂದು ಒಂದು ಮೆಟ್ಟಿಲು ಜಾರಿಯೂಬಿಟ್ಟ.

ಮೇಸ್ತ್ರಿ ಕತ್ತೆತ್ತಿ ನೋಡಿದ. "ಏನಯ್ಯಾ, ಗೋಡೆಗೆ ಚಳಿಜ್ವರವಾ? ಶನಿವಾರದವರೆಗೆ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಏಣಿ ಹತ್ಬೇಡ, ಕೆಳಗೆ ಕೂತು ಗೋಡೆ ಉಜ್ಜು."

ಇಪ್ಪತ್ತೆರಡು ವರ್ಷ ಗೆರೆ ಎಳೆದ ಕೈ! ಗೆರೆಯಣ್ಣ ಮತ್ತೆ ಬ್ರಷ್ ಅದ್ದಿದ.

ಆ ದಾರಿಯಲ್ಲಿ ದಿನವಿಡೀ ಓಡಾಡುವ ನರ್ಸಮ್ಮ ನಿಂತಳು. "ಅಣ್ಣಾ, ಜ್ವರದ ಚಾರ್ಟ್ ಓದೋ ಹಾಗೆ ನಿಮ್ಮ ಗೋಡೆ ಓದಿದೀನಿ. ಮೂರು ದಿನಾನೂ ಹನ್ನೊಂದಕ್ಕೇ ಅಲುಗಾಡಿದೆ. ಇಳೀರಿ ಕೆಳಗೆ."

ಮೊದಲು ಡಾಕ್ಟರ ಹತ್ತಿರ ಕಳಿಸಿದಳು. ಬಿಪಿ, ಶುಗರ್, ಕಣ್ಣು ಎಲ್ಲವೂ ಸರಿಯಾಗಿದ್ದವು.

"ಬೆಳಿಗ್ಗೆ ಏನ್ ತಿಂದ್ರಿ?" ಎಂದು ನರ್ಸಮ್ಮ ಕೇಳಿದಳು.

"ಎರಡು ಬನ್, ಎರಡು ಟೀ. ಏಣಿ ಕೆಲಸ ಸಿಸ್ಟರ್, ಹೊಟ್ಟೆ ಹಗುರ ಇರ್ಬೇಕು."

"ಹೊಟ್ಟೆ ಜೊತೆ ತಲೇನೂ ಹಗುರ ಆಯ್ತಲ್ಲ!" ಎಂದ ನರ್ಸಮ್ಮ ಬನ್ನೇ ಮಾತಾಡಿದಂತೆ ದನಿ ತೆಗೆದಳು, ಅವಸರದ ನೆಂಟನಂತೆ: "ಬಂದೆ, ಬಂದೆ, ಹೊರಟೆ!" ಆಮೇಲೆ ಮೊಟ್ಟೆಯ ದನಿ, ಸೆರಗು ಸುತ್ತಿ ಕೂತ ಸೋದರತ್ತೆಯಂತೆ: "ನಾನು ಮಧ್ಯಾಹ್ನದ ತನಕ ಇರ್ತೀನಪ್ಪಾ, ಅವಸರ ಏನೀಗ?"

ಗೆರೆಯಣ್ಣ ನಕ್ಕ.

"ಆ ಅತ್ತೆ ಹೆಸರೇ ಪ್ರೋಟೀನ್. ನಿಧಾನಕ್ಕೆ ಜೀರ್ಣ ಆಗುತ್ತೆ, ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ಸುದ್ದಿ ಕಳಿಸುತ್ತೆ, ಹಸಿವು ತಡವಾಗಿ ಬರುತ್ತೆ. ಅದನ್ನ ಅರಗಿಸೋಕೆ ಮೈ ಕೊಂಚ ಹೆಚ್ಚು ಶಕ್ತಿ ಬಳಸುತ್ತೆ. ಏಣಿ ಹತ್ತೋ ಮಾಂಸಖಂಡಗಳಿಗೂ ಅದು ಬೇಕು."

"ಮೊಟ್ಟೆಯಿಂದ ಗೆರೆ ನೇರ ಆಗೋದಾದ್ರೆ ಕೋಳಿಗಳೆಲ್ಲಾ ಪೇಂಟರ್ ಆಗ್ಬೇಕಿತ್ತು!"

"ಮೊಟ್ಟೆಯೋ ಕಾಳೋ, ಮೂರು ದಿನ ಬೆಳಿಗ್ಗೆ ತಿನ್ನಿ. ಆಮೇಲೆ ನಗೀರಂತೆ."

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. ಅವಳದು ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವ ಕೆಲಸ. "ಏಳಕ್ಕೆ ಹೊರಡೋಳು ನಾನು. ರಾಜಭೋಜನ ಬೇಯಿಸೋರು ಯಾರು ರೀ?"

"ನಾನೇ ಬೇಯಿಸ್ತೀನಿ" ಎಂದು ಗೆರೆಯಣ್ಣ ಕಾಳು ನೆನೆಹಾಕಿದ.

ಗುರುವಾರ ಎರಡು ಮೊಟ್ಟೆ, ಒಂದು ಬಟ್ಟಲು ಕಾಳು, ಮೇಲೆ ಎಂದಿನ ಎರಡು ಬನ್. ಏಣಿಯ ಮೇಲೆ ತೇಗೋ ತೇಗು. "ಬನ್ ಜೊತೆ ಸೇರಿಸಿ ಅಂದೆನಾ? ಅದರ ಬದಲು ತಿನ್ನಿ" ಎಂದು ನರ್ಸಮ್ಮ ಗದರಿದಳು. ಶುಕ್ರವಾರ ಒಂದೇ ಬನ್, ಎರಡು ಮೊಟ್ಟೆ, ಒಂದು ಹಿಡಿ ಕಾಳು. ಹನ್ನೊಂದು ಹೊಡೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಶನಿವಾರ ಮೊಟ್ಟೆ ಮುಗಿದಿತ್ತು. ಕಾಳು, ಮೊಸರು, ಹುರಿದ ಕಡಲೆಬೀಜ ತಿಂದು ಏಣಿ ಹತ್ತಿದ.

ಮೇಸ್ತ್ರಿ ಕೈಕಟ್ಟಿ ಕೆಳಗೆ ನಿಂತ. ಹನ್ನೊಂದಾಯಿತು, ಹನ್ನೆರಡಾಯಿತು. ಗೆರೆ ಎಕ್ಸ್-ರೇ ಕೋಣೆಯ ಬಾಗಿಲು ದಾಟಿ, ಮೂಲೆ ತಿರುಗಿ, ಕೊನೆಯ ಗೋಡೆ ಮುಟ್ಟಿತು. ಎಲ್ಲೂ ಕೊಂಕಿಲ್ಲ.

"ಸೋಮವಾರದಿಂದ ಮೇಲಿನ ಮಹಡಿ" ಎಂದ ಮೇಸ್ತ್ರಿ. "ಗೆರೆ ನಿಂದೇ."

ಸೋಮವಾರ ಬೆಳಿಗ್ಗೆ ಗೆರೆಯಣ್ಣ ತಟ್ಟೆಯ ಮುಂದೆ ಕೂತ. ಹೆಂಡತಿ ಒಲೆಯ ಪಕ್ಕ ನಿಂತೇ ಟೀ ಕುಡಿಯುತ್ತಿದ್ದಳು. ಇಷ್ಟು ವರ್ಷ ಅವನು ಅದನ್ನು ಗಮನಿಸಿಯೇ ಇರಲಿಲ್ಲ.

"ನಿನ್ನ ತಟ್ಟೆ ಎಲ್ಲಿ?"

"ನಂಗೆ ಟೀ ಸಾಕು ರೀ."

"ನಾನೂ ಹಂಗೇ ಅಂತಿದ್ದೆ. ಕೂತ್ಕೋ. ನೀನು ತಿನ್ನೋವರೆಗೆ ಈ ಪೇಂಟರ್ ಕದಲಲ್ಲ."

"ಲಾಂಡ್ರಿಗೆ ಹೊತ್ತಾಯ್ತು!"

"ಆಗ್ಲಿ."

ಅವಳು ಕೂತಳು. ಒಂದು ಮೊಟ್ಟೆ ಸುಲಿದಳು. ಆಮೇಲೆ ತಾನಾಗಿಯೇ ಕಾಳಿನ ಬಟ್ಟಲಿಗೆ ಕೈಚಾಚಿದಳು.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಾಳೆಯ ಕಾಳನ್ನು ಇವತ್ತೇ ನೆನೆಹಾಕಿ. ಮೊಟ್ಟೆ, ಮೊಸರು, ಹಾಲು, ಕಡಲೆಬೀಜ, ಯಾವುದು ಕೈಗೆಟುಕುತ್ತದೋ ಅದು ಬೆಳಗಿನ ತಟ್ಟೆಗೆ ಬರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ತಲೆಸುತ್ತು ಬಂದರೆ ತಪಾಸಣೆ ಮಾಡಿಸಿಕೊಳ್ಳಿ. ಮತ್ತೆ, ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ತಾನು ಬರೀ ಟೀ ಕುಡಿದು ಓಡುವವರು ಯಾರಿದ್ದಾರೆ? ಮೊದಲ ತಟ್ಟೆ ಅವರಿಗೆ ಹಾಕಿ.