ನಂಬದ ಕಸುಬು

"ಪ್ಲಗ್ ಯಾರು ಕೀಳ್ತೀರಿ?" ಎಂದ ಬೌದ್ಧ ವಿಹಾರದ ಆಳು, ಚರೂನನ ಹೆಣ ಇಟ್ಟಿದ್ದ ತಂಪು ಪೆಟ್ಟಿಗೆಯ ಹಿಂದೆ ಬಗ್ಗಿ ವೈರು ತಡಕುತ್ತಾ.

ಚರೂನನ ಆಫೀಸಿನವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ತಡೆಯಲಾರದೆ ಕಿಸಕ್ಕೆಂದು ನಕ್ಕುಬಿಟ್ಟರು. ಪೆಟ್ಟಿಗೆಯ ಸುತ್ತ ಬಣ್ಣದ ದೀಪಗಳು ಮಿಣುಕುತ್ತಿದ್ದವು, ಅತ್ತ ಚಿತಾಗಾರ ಸಿದ್ಧವಾಗುತ್ತಿತ್ತು, ಇತ್ತ ಇವರ ನಗು. ರಂಪೈ ತಿರುಗಿ ನೋಡಿದಳು. ಗಂಡನ ಹೆಣದ ಮುಂದೆ ನಕ್ಕವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಕುತೂಹಲವಾಯಿತು.

ಸಕ್ದಾ ಎದ್ದು ಬಂದು ಕೈಮುಗಿದ. ಅವನು ಚರೂನನ ಪಕ್ಕದ ಮೇಜಿನವನು, ಅವನನ್ನು 'ಪೀ' ಅಂದರೆ ಅಣ್ಣ ಎಂದೇ ಕರೆಯುತ್ತಿದ್ದವನು. "ತಪ್ಪು ತಿಳ್ಕೋಬೇಡಿ ಅತ್ತಿಗೆ. ಲ್ಯಾಬಲ್ಲಿ ಪ್ಲಗ್ ಕೀಳೋ ಕೆಲಸ ಪೀ ಚರೂನ್‌ದೇ. ಬೇರೆ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ."

"ಪ್ಲಗ್ ಕೀಳೋಕೆ ಸಂಬಳ ಕೊಡ್ತಿದ್ರಾ?"

"ಕರ್ನಲ್ ಬರೆಯೋದಕ್ಕೆ ಕೊಡ್ತಿದ್ರು. ಕರ್ನಲ್ ಅಂದ್ರೆ ಕಂಪ್ಯೂಟರಿನ ಮೇಸ್ತ್ರಿ ಅಂದ್ಕೊಳ್ಳಿ. ಆ ಮೇಸ್ತ್ರಿ ಡಿಸ್ಕಿನ ಹತ್ರ ಹ್ಯಾಗೆ ಕೆಲಸ ತೆಗೀಬೇಕು ಅನ್ನೋದನ್ನ ಪೀ ಚರೂನ್ ಬರೀತಿದ್ರು. 'ಇದನ್ನ ಬರ್ಕೋ' ಅಂತಾನೆ ಮೇಸ್ತ್ರಿ. 'ಬರ್ಕೊಂಡೆ' ಅನ್ನುತ್ತೆ ಡಿಸ್ಕು. ನಿಜವಾಗಿ ಬಾಯಲ್ಲೇ ಇಟ್ಕೊಂಡಿರುತ್ತೆ, ನುಂಗಿರಲ್ಲ. ಆಗ ಕರೆಂಟ್ ಹೋಯ್ತೋ, ಎಲ್ಲಾ ಹೋಯ್ತು. 'ಈಗ್ಲೇ ನುಂಗು' ಅಂತ ಗದರಿದ್ರೂ ಕೆಲವು ಭಂಡ ಡಿಸ್ಕು 'ನುಂಗ್ದೆ' ಅಂತ ಸುಳ್ಳು ಹೇಳ್ತವೆ."

"ಡಿಸ್ಕು ಸುಳ್ಳು ಹೇಳುತ್ತಾ!"

"ನಮಗಿಂತ ಚೆನ್ನಾಗಿ. ಅದಕ್ಕೇ ಅವು ಬರೀತಿರೋ ಹಾಗೇ ಪ್ಲಗ್ ಕೀಳೋರು, ಮತ್ತೆ ಹಾಕಿ ನೋಡೋರು. ಸಿಕ್ಕಿಬಿದ್ದದ್ದರ ಹೆಸರನ್ನ ಕರ್ನಲ್‌ಗೇ ಸೇರಿಸಿಬಿಡೋರು, ಇದರ ಮಾತು ನಂಬಬೇಡ ಅಂತ."

ಮಗಳು ಪಿಮ್ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ನನ್ನ ಹೆಸರೂ ಸೇರಿಸಿದ್ರಾ?" ಎಂದಳು. ಈ ಸಲ ಯಾರೂ ನಗಲಿಲ್ಲ.

*

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಜಾತಿಯ ಮನುಷ್ಯ ಚರೂನ್. ಗ್ಯಾಸ್ ಆರಿಸಿದೆ ಎಂದು ರಂಪೈ ಹೇಳಿದರೆ ಎದ್ದು ಹೋಗಿ ನೋಡುತ್ತಿದ್ದ. ಅವಳು ಅದನ್ನು ಗಂಡಸರ ಹುಚ್ಚುಗಳ ಪೈಕಿ ಒಂದು ಎಂದು ಬಿಟ್ಟುಬಿಟ್ಟಿದ್ದಳು.

ಪಿಮ್ ಬಿಡಲಿಲ್ಲ. ಕಾಲೇಜಿನಲ್ಲಿದ್ದಾಗ, ಪಕ್ಕದ ಊರಿನ ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆಂದು ಹೇಳಿ ಹೋಗಿದ್ದಳು. ಚರೂನ್ ಸ್ಕೂಟರ್ ಹತ್ತಿ ಆ ಊರಿಗೆ ಹೋದ. ಬಾಗಿಲಾಚೆ ಮಗಳ ಚಪ್ಪಲಿ ಕಂಡಿತು. ಕರೆಯಲೂ ಇಲ್ಲ, ಹಾಗೇ ವಾಪಸ್ಸು ಬಂದ. ಮರುದಿನ ಊಟಕ್ಕೆ ಕೂತಾಗ ಮೀನಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಬಡಿಸಿ, ಮುಖವೆಲ್ಲಾ ಅರಳಿಸಿಕೊಂಡು ಹೇಳಿದ, "ನೋಡಿ ಬಂದೆ. ನೀನು ಹೇಳಿದ್ದು ನಿಜ."

ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಪಿಮ್ ಚಮಚ ಕೆಳಗಿಟ್ಟಳು.

"ನಾನು ನಿಮ್ಮ ಡಿಸ್ಕಲ್ಲ ಅಪ್ಪ."

ಓದು ಮುಗಿದದ್ದೇ ಚಿಯಾಂಗ್ ಮಾಯ್‌ಗೆ ಕೆಲಸಕ್ಕೆ ಹೋದವಳು, ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಿದ್ದಳು. ಒಮ್ಮೆ ಹೊಸವರ್ಷಕ್ಕೆ ಬರುತ್ತೇನೆಂದಾಗ ಚರೂನ್ ಬಸ್ ನಿಲ್ದಾಣಕ್ಕೆ ಫೋನ್ ಮಾಡಿ, ಪಿಮ್ ಎನ್ನುವವರು ಬಸ್ ಹತ್ತಿದರಾ ಎಂದು ವಿಚಾರಿಸಿದ್ದ. ಅದು ಗೊತ್ತಾಗಿ ಅವಳು ಬರುವುದನ್ನೇ ಬಿಟ್ಟಳು.

*

ಲಕ್ವ ಹೊಡೆದು ಚರೂನನ ಮಾತು ನಿಂತಿತು, ಎಡಗೈ ಮಾತ್ರ ಆಡುತ್ತಿತ್ತು. ಕೊನೆಯ ಮಧ್ಯಾಹ್ನ ರಂಪೈ ಅವನ ಕಿವಿಯ ಹತ್ತಿರ ಬಾಗಿ, "ಪಿಮ್ ನಾಳೆ ಬೆಳಿಗ್ಗೆ ಬರ್ತೀನಿ ಅಂದಿದ್ದಾಳೆ," ಎಂದಳು. ಅವನು ಅವಳ ಬೆರಳು ಒತ್ತಿದ. ಅದನ್ನು ನೆಚ್ಚಬೇಡಿ, ಬೆರಳು ತಾನಾಗಿ ಮಡಚಿಕೊಳ್ಳುತ್ತದೆ ಎಂದರು ಡಾಕ್ಟರು.

ಬೆಳಗಾಗುವ ಮೊದಲೇ ಅವನು ಹೋದ. ಪಿಮ್ ಬಂದಾಗ ಮಂಚ ಖಾಲಿ.

ಅಂದಿನಿಂದ ಅವಳದು ಒಂದೇ ಪ್ರಶ್ನೆ. "ನಾನು ಬರ್ತಿದ್ದೆ ಅಂತ ಅಪ್ಪಂಗೆ ಗೊತ್ತಿತ್ತಾ? ಗೊತ್ತಿದ್ರೂ ನಂಬಿದ್ರಾ?" ಹೌದು ಎಂದುಬಿಟ್ಟರೆ ಮಗಳ ಜೀವ ತಂಪಾಗುತ್ತಿತ್ತು. ಆದರೆ ಅಂಥ ಮನುಷ್ಯನ ಜೊತೆ ಬಾಳಿದ ರಂಪೈಗೆ ತಿಳಿಯದ್ದಕ್ಕೆ ಹೌದು ಎನ್ನಲು ನಾಲಿಗೆ ಏಳಲಿಲ್ಲ. ಆ ಸಂಕಟಕ್ಕೆ ಅವಳು ಗಂಡನನ್ನೇ ಮನಸಾರೆ ಬೈದುಕೊಂಡಳು.

*

ಪ್ಲಗ್ಗನ್ನು ಸಕ್ದಾನೇ ಕಿತ್ತ. ಒಳಗಿದ್ದ ಶವಪೆಟ್ಟಿಗೆಯನ್ನು ಚಿತಾಗಾರದ ಸುತ್ತ ಪ್ರದಕ್ಷಿಣೆ ತಂದು ಮೇಲಿಟ್ಟರು. ಜನ ಚಿತೆಗೆ ಇಡಲು ಮರದ ತೆಳು ಹಾಳೆಯಲ್ಲಿ ಮಾಡಿದ ಹೂವು ಹಿಡಿದು ಸಾಲಾಗಿ ಮೆಟ್ಟಿಲು ಹತ್ತಿದರು. ಅವರಲ್ಲಿ ಆಸ್ಪತ್ರೆಯ ವಾರ್ಡಿನ ಆಯಾ ಲಮಾಯ್ ಕೂಡ ಇದ್ದಳು. ಹೂವಿಟ್ಟವಳು ಕೆಳಗಿಳಿಯದೆ ಕಣ್ಣು ಮುಚ್ಚಿ ನಿಂತೇ ಇದ್ದಳು.

"ಕ್ಷಮೆ ಕೇಳ್ಕೊಂಡೆ ದೊಡ್ಡಮ್ಮ," ಎಂದಳು ಪಕ್ಕದಲ್ಲಿ ನಿಂತಿದ್ದ ರಂಪೈಗೆ. "ಕೊನೇ ಸಂಜೆ ಅವರನ್ನ ಗದರಿಬಿಟ್ಟಿದ್ದೆ."

"ಯಾಕಮ್ಮ? ಏನು ಮಾಡಿದ್ರು?"

"ನೀವು ಮನೆಗೆ ಹೋದ ಮೇಲೆ ಕುರ್ಚಿ ತೋರ್ಸಿ ತೋರ್ಸಿ ಹಾಸಿಗೆ ಬಡಿಯೋಕೆ ಶುರುಮಾಡಿದ್ರು. ಮಂಚದ ಹತ್ರ ಎಳೆದಿಟ್ಟೆ. ಮತ್ತೆ ಬಡಿದ್ರು. ಆಚೆ ಮಂಚದೋರ ಕುರ್ಚೀನೂ ಬೇಕಂತೆ! 'ಒಬ್ರಿಗೆ ಒಂದೇ ಕುರ್ಚಿ ದೊಡ್ಡಪ್ಪ, ನಿಮ್ಮನ್ನ ನೋಡೋಕೆ ಬರೋದೂ ಒಬ್ರೇ ಅಲ್ವಾ' ಅಂದ್ಬಿಟ್ಟೆ. ಅದನ್ನೂ ತಂದು ಪಕ್ಕಕ್ಕೆ ಇಡೋ ತನಕ ಬಿಡಲಿಲ್ಲ. ಇಟ್ಟ ಮೇಲೆ ಸುಮ್ಮನೆ ಮಲಗಿದ್ರು."

ರಂಪೈ ಅವಳ ಕೈ ಹಿಡಿದುಕೊಂಡಳು. "ಯಾರಿಗಾದ್ರೂ ಫೋನ್ ಮಾಡಿ ವಿಚಾರಿಸು ಅಂತ ಸನ್ನೆ ಮಾಡಿದ್ರಾ?"

"ಇಲ್ಲ ದೊಡ್ಡಮ್ಮ. ಫೋನ್ ಕೈಗೆ ಸಿಗೋ ಹಾಗೇ ಇತ್ತು. ಅದರ ಕಡೆ ನೋಡ್ಲೂ ಇಲ್ಲ."

ಪಿಮ್‌ಳ ಸರದಿ ಬಂದಿತ್ತು. ಆಯಾಳ ಮಾತು ಕೇಳಿಸಿಕೊಂಡವಳು ಹೂವು ಹಿಡಿದು ಮೆಟ್ಟಿಲ ಮೇಲೆ ಹಾಗೇ ನಿಂತಳು. ಹಿಂದಿನವರು ಕಾದರು.

"ಎರಡು ಕುರ್ಚಿ ಇತ್ತಮ್ಮ," ಎಂದಳು. "ಅವತ್ತು ಬೆಳಿಗ್ಗೆ ಖಾಲಿ ಮಂಚದ ಪಕ್ಕ ಎರಡಿತ್ತು. ಒಂದರ ಮೇಲೆ ಬ್ಯಾಗ್ ಇಟ್ಟು ನಿಂತೇ ಇದ್ದೆ. ಬೇರೆ ಯಾರದೋ ಅಂದ್ಕೊಂಡಿದ್ದೆ."